ಕೊನೆಯ ಅಧ್ಯಾಯದ ಕಣ್ಣೀರು

ಪ್ರೀತಿಯ ತಮ್ಮ,

ನಿನ್ನ ಕಾದಂಬರಿಯ ಹಸ್ತಪ್ರತಿಯನ್ನು ಎರಡು ಸಲ ಓದಿದೆ. ಜೊತೆಗಿದ್ದ ಕಾಗದವನ್ನು ಇನ್ನೂ ಹೆಚ್ಚು ಸಲ. ‘ಇನ್ನು ಬರೆಯುವುದಿಲ್ಲ’ ಎಂಬ ಸಾಲನ್ನು ಹೊಡೆದುಹಾಕಿ, ಕೆಳಗೆ ಮತ್ತೆ ಅದನ್ನೇ ಬರೆದಿದ್ದೀಯ. ಹಾಗೆ ತಿದ್ದುವವನು ಬರವಣಿಗೆ ಬಿಡುವುದುಂಟೇ? ಪ್ರಕಾಶಕರು, ಮುನ್ನುಡಿ, ಪುಟಗಳ ಸಂಖ್ಯೆ ಎಂದೆಲ್ಲ ಕೇಳಿದ್ದೀಯ. ಅದನ್ನು ಯಾರಾದರೂ ಹೇಳಿಯಾರು. ನನ್ನ ತಕರಾರು ಕೊನೆಯ ಅಧ್ಯಾಯದ ಮೇಲೆ.

ನಿನ್ನ ಗುಮಾಸ್ತ ಸುಳ್ಳು ಲೆಕ್ಕ ಬರೆದು ಜೊತೆಗಾರನನ್ನು ಜೈಲಿಗೆ ಕಳಿಸಿದ. ಇಪ್ಪತ್ತು ವರ್ಷ ಕಳೆದ ಮೇಲೆ ಮಳೆಯಲ್ಲಿ ತೊಯ್ದು ಬಂದು ಆ ಜೊತೆಗಾರನ ಹೆಂಡತಿಯ ಕಾಲಿಗೆ ಬೀಳುತ್ತಾನೆ. ಆಕೆ ಎಬ್ಬಿಸಿ ಕಣ್ಣೊರೆಸುತ್ತಾಳೆ. ತಮ್ಮಾ, ಯಾವ ಹಕ್ಕಿನಿಂದ ಆಕೆಯ ಕೈಯಲ್ಲಿ ಇದನ್ನು ಮಾಡಿಸಿದೆ? ಇಡೀ ಕಾದಂಬರಿಯಲ್ಲಿ ಆಕೆಗೆ ಆರು ಮಾತುಗಳೂ ಇಲ್ಲ.

ಕುಮಾರವ್ಯಾಸನ ಕರ್ಣನನ್ನು ನೋಡು. ನೀನು ಕೌಂತೇಯ, ಪಾಂಡವರಿಗೆ ಹಿರಿಯ ಎಂದು ಕೃಷ್ಣ ಹೇಳಿದಾಗ ಅವನ ಕೊರಳ ಸೆರೆ ಉಬ್ಬುತ್ತದೆ, ಕಣ್ಣು ತುಂಬುತ್ತದೆ. ಆದರೆ ಮನಸ್ಸಿನಲ್ಲಿ ಏಳುವ ಮಾತು ಕುರುಪತಿಗೆ ಕೇಡಾಯಿತಲ್ಲಾ ಎಂಬುದು. ಜನ್ಮವಿಡೀ ಹುಡುಕಿದ ಗುರುತು ಕೈಗೆ ಬಂದ ಗಳಿಗೆಯಲ್ಲೇ ಅವನಿಗೆ ಅದು ಭಾರವಾಯಿತು. ತಾನು ಯಾರೆಂದು ತಿಳಿದೂ ಅವನು ಪಕ್ಷ ಬದಲಿಸಲಿಲ್ಲ. ಈ ಜಾಗಕ್ಕೆ ಬಂದಾಗಲೆಲ್ಲ ನಾನು ಪುಸ್ತಕ ಮುಚ್ಚಿ ಸುಮ್ಮನೆ ಕೂರುತ್ತೇನೆ.

ಫ್ರೆಂಚ್ ಲೇಖಕ ಹ್ಯೂಗೋ 1862ರಲ್ಲಿ ಪ್ರಕಟಿಸಿದ ‘ಲೆ ಮಿಸರಾಬ್ಲ್’ ಕಾದಂಬರಿಯ ಜೀನ್ ವಾಲ್‌ಜೀನ್ ನಿನಗೆ ಗೊತ್ತು. ತನ್ನ ಮನೆಯ ಬೆಳ್ಳಿ ಕದ್ದು ಸಿಕ್ಕಿಬಿದ್ದ ಅವನಿಗೆ ಬಿಷಪ್ ಬೆಳ್ಳಿಯ ದೀಪಸ್ತಂಭಗಳನ್ನೂ ಕೊಟ್ಟು ಕಳಿಸಿದ್ದು ಎಲ್ಲರಿಗೂ ನೆನಪಿದೆ. ಅದೇ ದಿನ ಸಂಜೆ ಒಬ್ಬ ಪುಟ್ಟ ಹುಡುಗನ ನಾಣ್ಯ ಉರುಳಿ ಬಂದಾಗ ಅವನು ಅದರ ಮೇಲೆ ಕಾಲಿಟ್ಟು ನಿಂತದ್ದು ನೆನಪಿದೆಯೇ? ಹುಡುಗ ಅಳುತ್ತಾ ಓಡಿಹೋದ ಮೇಲೆ ನಾಣ್ಯ ಕಣ್ಣಿಗೆ ಬೀಳುತ್ತದೆ. ಆಗ ಅವನನ್ನು ಕೂಗಿ ಕೂಗಿ ಹುಡುಕುತ್ತಾನೆ, ಹುಡುಗ ಸಿಗುವುದಿಲ್ಲ. ಹ್ಯೂಗೋ ಆ ನಾಣ್ಯವನ್ನು ವಾಪಸು ಕೊಡಿಸಲಿಲ್ಲ. ಟಾಲ್‌ಸ್ಟಾಯ್‌ನ ‘ಪುನರುತ್ಥಾನ’ ಕಾದಂಬರಿಯ ಕೈದಿ ಮಾಸ್ಲೋವಾ ಕೂಡ, ತನ್ನನ್ನು ಕೆಡಿಸಿದವನು ಸೈಬೀರಿಯದವರೆಗೆ ಹಿಂದೆ ಬಂದರೂ ಅವನನ್ನು ಮದುವೆಯಾಗಲಿಲ್ಲ.

ನಾನು ಇಷ್ಟು ಸಿಡುಕುವುದಕ್ಕೆ ಕಾರಣವಿದೆ. ನನ್ನ ಮೊದಲ ಕಾದಂಬರಿಯಲ್ಲಿ ಮನೆ ಬಿಟ್ಟು ಹೋಗಿದ್ದ ಗಂಡ ಹಿಂತಿರುಗುತ್ತಾನೆ, ಹೆಂಡತಿ ಬಾಗಿಲು ತೆರೆಯುತ್ತಾಳೆ. ಅಲ್ಲಿಗೆ ಮುಗಿಯುತ್ತದೆ. ದೊಡ್ಡ ವಿಮರ್ಶಕರೊಬ್ಬರು ಆ ಕೊನೆಯನ್ನು ಹಾಡಿ ಹೊಗಳಿದರು, ನಾನು ಉಬ್ಬಿಹೋದೆ. ಆಮೇಲೆ ಓದುಗರೊಬ್ಬರ ಕಾರ್ಡು ಬಂತು: ‘ಅವನು ಬಾಗಿಲು ತಟ್ಟಿದಾಗ ಆಕೆ ಏನು ಮಾಡುತ್ತಿದ್ದಳು?’ ನನಗೆ ಗೊತ್ತಿರಲಿಲ್ಲ. ಆ ಕಾರ್ಡಿಗೆ ನಾನು ಉತ್ತರ ಬರೆಯಲೇ ಇಲ್ಲ. ವಿಮರ್ಶಕರಿಗೆ ಮಾತ್ರ ಎರಡು ಪುಟ ಕೃತಜ್ಞತೆ ಬರೆದೆ.

ನಿನ್ನ ಗುಮಾಸ್ತ ಆಕೆಯ ಮನೆಗೆ ಹೋಗಲಿ, ಬೇಡವೆನ್ನುವುದಿಲ್ಲ. ಅವನು ಹೊರಡುವ ಮೊದಲು ಆಕೆಯ ಇಪ್ಪತ್ತು ವರ್ಷ ಬರೆ. ಆಮೇಲೆ ಬಾಗಿಲು ತೆರೆಯುವುದೋ ಬಿಡುವುದೋ ಆಕೆಗೆ ಬಿಟ್ಟದ್ದು. ಮತ್ತೆ, ಸುಳ್ಳು ಲೆಕ್ಕಕ್ಕೆ ಸಹಿ ಹಾಕಿದ ಮೇಲೆ ಅವನು ಪೆನ್ನಿನ ಮುಚ್ಚಳವನ್ನು ಹಾಕಿ, ತೆಗೆದು, ಮತ್ತೆ ಹಾಕುತ್ತಾನಲ್ಲ, ಆ ಪುಟದ ಒಂದಕ್ಷರವನ್ನೂ ಮುಟ್ಟಬೇಡ.

ನಿನ್ನ,
ಅಣ್ಣ