ಮೊದಲು ರೀಸೆಟ್, ಆಮೇಲೆ ಬಫರ್

ಮಾನ್ಯ ಸಂಪಾದಕರೆ,

ವರ್ಚುವಲ್ ಮಷೀನ್‌ಗಳ (ಒಂದು ಕಂಪ್ಯೂಟರ್‌ನೊಳಗೆ ತಂತ್ರಾಂಶದಿಂದ ರೂಪಿಸಿದ ಇನ್ನೊಂದು ಕಂಪ್ಯೂಟರ್) ಕುರಿತು ನಿಮ್ಮ ತಂತ್ರಜ್ಞಾನ ಪುಟದಲ್ಲಿ ಬಂದ ಲೇಖನವನ್ನು ನನ್ನ ವಿದ್ಯಾರ್ಥಿಗಳಿಗೆ ಓದಿಸಿದೆ. ಕನ್ನಡದಲ್ಲಿ ಇಂಥ ಬರಹ ಅಪರೂಪ, ಅದಕ್ಕಾಗಿ ಕೃತಜ್ಞತೆಗಳು. ಆದರೆ ಬ್ಲೂಟೂತ್ ಆಫ್ ಮಾಡಿದೊಡನೆ ಅದು ಬಳಸುತ್ತಿದ್ದ ಮೆಮೊರಿ ವ್ಯವಸ್ಥೆಗೆ ಮರಳುತ್ತದೆ ಎಂಬ ಅದರ ಮಾತು ಯುಎಸ್‌ಬಿ ಬ್ಲೂಟೂತ್‌ಗೆ ಹೊಂದುತ್ತದೆಯೇ ಹೊರತು ಇಂಥ ಮಷೀನ್‌ಗೆ ಹೊರಗಿನ ಯಂತ್ರ, ಅಂದರೆ ಅದನ್ನು ನಡೆಸುವ ನಿಜವಾದ ಕಂಪ್ಯೂಟರ್, ಒದಗಿಸುವ ವರ್ಚುವಲ್ ಬ್ಲೂಟೂತ್‌ಗೆ ಹೊಂದುವುದಿಲ್ಲ.

ಮಾರ್ಸೆಲ್ ಹೋಲ್ಟ್‌ಮನ್ ಬರೆದ ವರ್ಟಿಯೊ (ವರ್ಚುವಲ್ ಸಾಧನಗಳ ಮಾನಕ) ಬ್ಲೂಟೂತ್ ಡ್ರೈವರ್, ಅಂದರೆ ಆ ಸಾಧನವನ್ನು ನಡೆಸುವ ತಂತ್ರಾಂಶ, 2021ರಲ್ಲಿ ಲಿನಕ್ಸ್ 5.13ರೊಂದಿಗೆ ಬಂತು. ಅದಕ್ಕೆ ಕಳುಹಿಸಲು ಒಂದು, ಪಡೆಯಲು ಒಂದು ಎಂದು ಎರಡು ಕ್ಯೂಗಳಿವೆ (ಮಾಹಿತಿ ವಿನಿಮಯದ ಸರತಿ ಸಾಲುಗಳು). ಪಡೆಯುವ ಕ್ಯೂಗೆ ಡ್ರೈವರ್ ಸಾವಿರ ಬೈಟ್‌ಗಳ ಖಾಲಿ ಬಫರನ್ನು (ಮಾಹಿತಿ ತುಂಬಲು ಮೀಸಲಿಟ್ಟ ಮೆಮೊರಿ ಜಾಗ) ಮುಂಚಿತವಾಗಿಯೇ ಹಾಕಿಡುತ್ತದೆ. ಹೊರಗಿನ ಯಂತ್ರವು ಮಾಹಿತಿ ಬಂದಾಗ ಅದರಲ್ಲಿ ಬರೆಯುತ್ತದೆ. ಒಮ್ಮೆ ಹೀಗೆ ಒಪ್ಪಿಸಿದ ಬಫರ್, ಸಾಧನವು ಅದನ್ನು ಹಿಂದಿರುಗಿಸುವವರೆಗೆ ಡ್ರೈವರ್‌ನ ಕೈಯಲ್ಲಿರುವುದಿಲ್ಲ. ಆಗ ಅದನ್ನು ಬಲವಂತವಾಗಿ ತೆಗೆದು ಬಿಡುಗಡೆ ಮಾಡಿದರೆ, ಕಾರ್ಯಾಚರಣಾ ವ್ಯವಸ್ಥೆಯ ತಿರುಳಾದ ಕರ್ನಲ್ ಅದೇ ಜಾಗವನ್ನು ಬೇರೆ ಕೆಲಸಕ್ಕೆ ಕೊಟ್ಟ ಮೇಲೂ ಹೊರಗಿನ ಯಂತ್ರ ಅಲ್ಲಿ ಬರೆಯಬಹುದು. ಆದ್ದರಿಂದಲೇ ವರ್ಟಿಯೊ ನಿಯಮಾವಳಿಯ ಪ್ರಕಾರ ಮೊದಲು ಸಾಧನದ ಸ್ಥಿತಿ ರಿಜಿಸ್ಟರ್‌ಗೆ ಸೊನ್ನೆ ಬರೆದು ರೀಸೆಟ್ ಮಾಡಬೇಕು, ಆ ಬಳಿಕವೇ ಉಳಿದ ಬಫರ್‌ಗಳನ್ನು ಹಿಂದಕ್ಕೆ ಪಡೆಯಬೇಕು.

ಮಳೆಗಾಲದಲ್ಲಿ ಮರ ಬಿದ್ದು ತಂತಿ ಹರಿದಾಗ ನಮ್ಮ ಲೈನ್‌ಮನ್‌ಗಳು ಲೈನ್ ಕ್ಲಿಯರ್ (ತಂತಿಯ ವಿದ್ಯುತ್ ಕಡಿತಗೊಳಿಸಿದೆ ಎಂಬ ಅನುಮತಿ) ತೆಗೆದುಕೊಳ್ಳದೆ ಕಂಬ ಹತ್ತುವುದಿಲ್ಲ. ಊರಿನಲ್ಲಿ ದೀಪ ಆರಿದೆ ಎಂಬುದು ತಂತಿಯಲ್ಲಿ ವಿದ್ಯುತ್ ಇಲ್ಲ ಎಂಬುದಕ್ಕೆ ಸಾಕ್ಷಿಯಲ್ಲ. ಬ್ಲೂಟೂತ್ ಆಫ್ ಎಂದು ಪರದೆ ತೋರಿಸುವುದಕ್ಕೂ ಕ್ಯೂ ನಿಂತಿರುವುದಕ್ಕೂ ಇರುವ ವ್ಯತ್ಯಾಸವನ್ನು ನಾನು ಮಕ್ಕಳಿಗೆ ಹೀಗೆಯೇ ವಿವರಿಸುತ್ತೇನೆ. ಕೊಡಗಿನ ಮಕ್ಕಳಿಗೆ ಅದು ಕೂಡಲೇ ಅರ್ಥವಾಗುತ್ತದೆ.

ಆ ವರ್ಟಿಯೊ ಬ್ಲೂಟೂತ್ ಡ್ರೈವರ್‌ನ ಮೊದಲ ರೂಪದಲ್ಲಿ ಈ ಕ್ರಮ ತಪ್ಪಿತ್ತು. ಸಾಧನ ಇನ್ನೂ ಚಾಲನೆಯಲ್ಲಿರುವಾಗಲೇ ಅದು ಬಳಕೆಯಾಗದ ಬಫರ್‌ಗಳನ್ನು ಕಿತ್ತುಕೊಳ್ಳುತ್ತಿತ್ತು. ಲಿನಕ್ಸ್ ಅಭಿವರ್ಧಕ ಮೈಕೆಲ್ ಸಿರ್ಕಿನ್ ಮಾಡಿದ ತಿದ್ದುಪಡಿಯಲ್ಲಿ, ಆನ್–ಆಫ್ ಮಾಡುವಾಗ ಕರೆಯಲಾಗುವ ಓಪನ್ ಮತ್ತು ಕ್ಲೋಸ್ ಎಂಬ ಎರಡು ಕಾರ್ಯಗಳನ್ನು ಖಾಲಿ ಬಿಟ್ಟು, ಬಫರ್ ಹಾಕುವುದನ್ನು ಸಾಧನ ಸೇರಿದಾಗ, ರೀಸೆಟ್ ಮಾಡಿ ತೆಗೆಯುವುದನ್ನು ಸಾಧನ ಹೊರಹೋಗುವಾಗ ಮಾಡಲಾಯಿತು. ಹೀಗಾಗಿ ಬಳಕೆದಾರ ಬ್ಲೂಟೂತ್ ಆಫ್ ಮಾಡಿದ ನಂತರವೂ ಬಫರ್‌ಗಳು ಕ್ಯೂನಲ್ಲಿಯೇ ಉಳಿಯುತ್ತವೆ. ಇದು ತಾತ್ಕಾಲಿಕ ಉಪಾಯ ಎಂದು ಆ ತಿದ್ದುಪಡಿಯ ಟಿಪ್ಪಣಿಯೇ ಒಪ್ಪಿಕೊಂಡಿದೆ. ಆಫ್ ಆದ ಸಾಧನ ಯಾವ ಬಫರನ್ನೂ ಹಿಡಿದಿಟ್ಟುಕೊಳ್ಳಬಾರದು ಎಂಬ ನಿರೀಕ್ಷೆ ನ್ಯಾಯವಾದದ್ದೇ. ಆದರೂ ಸ್ವಲ್ಪ ಮೆಮೊರಿ ಸುಮ್ಮನೆ ಕೂತಿರುವುದು, ಬೇರೆಯವರ ಮೆಮೊರಿ ಹಾಳಾಗುವುದಕ್ಕಿಂತ ಎಷ್ಟೋ ಮೇಲು ಎಂಬುದು ನನ್ನ ದೃಢವಾದ ಅಭಿಪ್ರಾಯ. ಸರಿಯಾದ ದಾರಿಯೂ ಇದೆ: ಕ್ಯೂ ಒಂದನ್ನಷ್ಟೇ ರೀಸೆಟ್ ಮಾಡುವ ಸೌಲಭ್ಯ 2022ರ ವರ್ಟಿಯೊ 1.2 ಆವೃತ್ತಿಯಲ್ಲಿ ಸೇರಿದೆ. ಅದಿಲ್ಲದ ಕಡೆ ಆಫ್ ಮಾಡುವಾಗ ಇಡೀ ಸಾಧನವನ್ನೇ ರೀಸೆಟ್ ಮಾಡಿ, ಮತ್ತೆ ಆನ್ ಆಗುವಾಗ ಮೊದಲಿನಿಂದ ಸಜ್ಜುಗೊಳಿಸಬಹುದು.

ನಾನು ಹಿಂದೆ ಪಾಠ ಮಾಡುತ್ತಿದ್ದ ಒಂದು ಕಾಲೇಜಿನ ಪ್ರಯೋಗ ಕೈಪಿಡಿಯಲ್ಲಿಯೂ ಕ್ಲೋಸ್ ಬಂದೊಡನೆ ಬಫರ್ ಬಿಡುಗಡೆ ಮಾಡಿ ಎಂದೇ ಅಚ್ಚಾಗಿತ್ತು. ಅದನ್ನು ನಂಬಿ ಬರೆದ ಡ್ರೈವರ್ ನೂರು ಸಲ ಸರಿಯಾಗಿ ಓಡಿ ನೂರೊಂದನೆಯ ಸಲ ಕುಸಿದಾಗ, ತಪ್ಪು ಎಲ್ಲಿದೆ ಎಂದು ತಿಳಿಯದೆ ಮಕ್ಕಳು ವಾರಗಟ್ಟಲೆ ಒದ್ದಾಡಿದ್ದನ್ನು ನೋಡಿದ್ದೇನೆ. ಆದುದರಿಂದ ಲೇಖನದ ಆ ಒಂದು ವಾಕ್ಯಕ್ಕೆ ತಿದ್ದುಪಡಿಯನ್ನು ಮುಂದಿನ ಸಂಚಿಕೆಯ ಅದೇ ಪುಟದಲ್ಲಿ ಪ್ರಕಟಿಸಬೇಕೆಂದು ವಿನಂತಿಸುತ್ತೇನೆ. ನನ್ನ ವಿದ್ಯಾರ್ಥಿಗಳು ಆ ಲೇಖನವನ್ನು ಕತ್ತರಿಸಿ ತಮ್ಮ ರೆಕಾರ್ಡ್ ಪುಸ್ತಕಕ್ಕೆ ಅಂಟಿಸಿಕೊಂಡಿದ್ದಾರೆ. ತಿದ್ದುಪಡಿಯನ್ನೂ ಅದರ ಪಕ್ಕದಲ್ಲೇ ಅಂಟಿಸಿಕೊಳ್ಳಲಿ.

— ಕಂಪ್ಯೂಟರ್ ಉಪನ್ಯಾಸಕಿ, ಗೋಣಿಕೊಪ್ಪಲು, ಕೊಡಗು