ತರಗತಿಯ ಬಾಗಿಲಲ್ಲಿ ನಿಲ್ಲುವ ಮುನ್ನ

ನಾರ್ವೆಯ ಕನ್ನಡ ಕುಟುಂಬಗಳ ಮಕ್ಕಳು ವಿಶ್ವವಿದ್ಯಾಲಯದ ವಿನಿಮಯ ಕಾರ್ಯಕ್ರಮಗಳ ಮೂಲಕ ಆಫ್ರಿಕಾದ ಶಾಲೆಗಳಿಗೆ ಕ್ಷೇತ್ರಕಾರ್ಯಕ್ಕೆಂದು ಹೊರಡುವುದು ಸಂತೋಷದ ಸಂಗತಿ. ಹಾಗೆ ಹೊರಡುವವರೂ ಅವರ ತಂದೆತಾಯಿಯರೂ ನಮ್ಮ ಓಸ್ಲೋದಿಂದಲೇ ನಡೆದ ಒಂದು ಕೆಲಸವನ್ನು ಮೊದಲು ತಿಳಿದುಕೊಳ್ಳಬೇಕೆಂಬುದು ನನ್ನ ಕೋರಿಕೆ.

2002ರಲ್ಲಿ ಓಸ್ಲೋ ವಿಶ್ವವಿದ್ಯಾಲಯ, ತಾಂಜಾನಿಯಾದ ದಾರ್ ಎಸ್ ಸಲಾಮ್ ವಿಶ್ವವಿದ್ಯಾಲಯ ಮತ್ತು ದಕ್ಷಿಣ ಆಫ್ರಿಕಾದ ವೆಸ್ಟರ್ನ್ ಕೇಪ್ ವಿಶ್ವವಿದ್ಯಾಲಯಗಳು ಜೊತೆಗೂಡಿ ‘ಲೋಯಿಟಾಸಾ’ (‘ತಾಂಜಾನಿಯಾ ಮತ್ತು ದಕ್ಷಿಣ ಆಫ್ರಿಕಾದಲ್ಲಿ ಶಿಕ್ಷಣ ಮಾಧ್ಯಮ’ ಎಂಬರ್ಥದ ಇಂಗ್ಲಿಷ್ ಹೆಸರಿನ ಕಿರುರೂಪ) ಎಂಬ ಸಂಶೋಧನಾ ಯೋಜನೆಯನ್ನು ಆರಂಭಿಸಿದವು. ಬಿರ್ಗಿಟ್ ಬ್ರಾಕ್-ಉಟ್ನೆ, ಮಾರ್ತಾ ಖೊರ್ರೊ, ಜುಬೈದಾ ದೇಸಾಯಿ ಮೊದಲಾದ ವಿದ್ವಾಂಸರು ಇದರಲ್ಲಿ ದುಡಿದರು. ಶಿಕ್ಷಣ ಮಾಧ್ಯಮವೇ ಅವರ ವಿಷಯ. ತಾಂಜಾನಿಯಾದ ಸರ್ಕಾರಿ ಶಾಲೆಯ ಮಗು ಏಳು ವರ್ಷ ಸ್ವಾಹಿಲಿಯಲ್ಲಿ ಓದಿ, ಪ್ರೌಢಶಾಲೆಗೆ ಕಾಲಿಟ್ಟೊಡನೆ ಸ್ವಾಹಿಲಿ ಭಾಷಾಪಾಠವೊಂದನ್ನು ಬಿಟ್ಟು ಉಳಿದೆಲ್ಲ ಪಾಠಗಳನ್ನೂ ಇಂಗ್ಲಿಷಿನಲ್ಲಿ ಕಲಿಯಬೇಕಾಗುತ್ತಿತ್ತು. ದಕ್ಷಿಣ ಆಫ್ರಿಕಾದ ಖೋಸಾ ಭಾಷಿಕ ಮಕ್ಕಳಿಗೆ ಈ ಬದಲಾವಣೆ ನಾಲ್ಕನೆಯ ತರಗತಿಯಲ್ಲೇ ಎದುರಾಗುತ್ತಿತ್ತು.

ದೇಸಾಯಿಯವರು ಕೇಪ್‌ಟೌನಿನ ಖಾಯೆಲಿಟ್ಶಾದಲ್ಲಿ ಮಾಡಿದ ಅಧ್ಯಯನ ಬಹಳ ಸರಳವಾದುದು. ಚಿತ್ರಗಳ ಸರಣಿಯೊಂದನ್ನು ಮಕ್ಕಳ ಮುಂದಿಟ್ಟು, ಅದೇ ಕಥೆಯನ್ನು ಖೋಸಾದಲ್ಲೂ ಇಂಗ್ಲಿಷಿನಲ್ಲೂ ಬರೆಯಲು ಹೇಳಿದರು. ಖೋಸಾದಲ್ಲಿ ಕಥೆಗೆ ಹಿಂದುಮುಂದು, ಕಾರಣ, ಓಟ ಎಲ್ಲವೂ ಇದ್ದರೆ, ಅದೇ ಮಕ್ಕಳ ಇಂಗ್ಲಿಷ್ ಹಾಳೆಗಳಲ್ಲಿ ಅನೇಕ ಕಡೆ ಬಿಡಿಬಿಡಿ ಪದಗಳಷ್ಟೇ ಉಳಿದವು. ಇಂಗ್ಲಿಷ್ ಹಾಳೆಯನ್ನು ಮಾತ್ರ ನೋಡಿದ ಪರೀಕ್ಷಕರು ಆ ಮಗುವನ್ನು ದಡ್ಡನೆಂದು ಬಿಡುತ್ತಿದ್ದರು. ಆ ಮಕ್ಕಳ ಮನೆಮಾತು ಬಲ್ಲವರು ಸಂಶೋಧನೆಯ ಒಳಗೇ ಇಲ್ಲದಿದ್ದರೆ ಖೋಸಾ ಹಾಳೆಯನ್ನು ಓದುವವರೇ ಇರುತ್ತಿರಲಿಲ್ಲ.

ನಾನು ಒತ್ತಿ ಹೇಳಬೇಕೆಂದಿರುವುದು ಇದನ್ನೇ. ಅಲ್ಲಿನ ವಿಶ್ವವಿದ್ಯಾಲಯವನ್ನು ಅನುಮತಿ ಪತ್ರಕ್ಕೂ ವಾಹನಕ್ಕೂ ಮಾತ್ರ ಬಳಸಿಕೊಂಡು, ಹತ್ತು ಹದಿನೈದು ದಿನ ಶಾಲೆಯಿಂದ ಶಾಲೆಗೆ ಸುತ್ತಿ, ನಡೆಯುತ್ತಿದ್ದ ಪಾಠವನ್ನು ನಿಲ್ಲಿಸಿ ಮಕ್ಕಳಿಂದ ಹಾಡಿಸಿ, ಫೋಟೊ ತೆಗೆದುಕೊಂಡು ಮರಳುವುದನ್ನು ವಿನಿಮಯವೆಂದು ಕರೆಯಲು ನನಗೆ ಮನಸ್ಸಾಗುವುದಿಲ್ಲ. ಲೋಯಿಟಾಸಾದಲ್ಲಿ ಪ್ರಶ್ನೆಯನ್ನು ರೂಪಿಸುವುದರಲ್ಲೇ ಆಫ್ರಿಕಾದ ವಿದ್ವಾಂಸರಿದ್ದರು. 2003ರಲ್ಲಿ ಹೊರಬಂದ ಅದರ ಮೊದಲ ಪ್ರಬಂಧ ಸಂಕಲನ ಅಚ್ಚಾದದ್ದು ಯೂರೋಪಿನಲ್ಲಲ್ಲ, ದಾರ್ ಎಸ್ ಸಲಾಮಿನಲ್ಲಿ. ಇದನ್ನು ನಾನು ಸಣ್ಣ ವಿವರವೆಂದು ಭಾವಿಸುವುದಿಲ್ಲ, ಏಕೆಂದರೆ ಅಲ್ಲಿನ ಅಧ್ಯಾಪಕರ ಕೈಗೆ ಸಿಗದ ಸಂಶೋಧನೆಯಿಂದ ಆ ತರಗತಿಗೆ ಆಗುವ ಉಪಯೋಗ ಅಷ್ಟಕ್ಕಷ್ಟೇ.

ಆಫ್ರಿಕಾದವರು ತಾವೇ ಮುಂದೆ ನಿಂತು ನಡೆಸಿದ ಪ್ರಯೋಗಗಳೂ ಇವೆ. ನೈಜೀರಿಯಾದ ಇಫೆ ವಿಶ್ವವಿದ್ಯಾಲಯದಲ್ಲಿ ಶಿಕ್ಷಣತಜ್ಞ ಬಾಬ್ಸ್ ಫಫುನ್ವಾ ಅವರ ನೇತೃತ್ವದಲ್ಲಿ 1970ರಲ್ಲಿ ಆರಂಭವಾದ ಯೋಜನೆಯಲ್ಲಿ ಪ್ರಾಥಮಿಕ ಶಾಲೆಯ ಆರೂ ವರ್ಷ ಮಕ್ಕಳ ಮನೆಮಾತಾದ ಯೊರುಬಾದಲ್ಲಿ ಪಾಠ ನಡೆಯಿತು, ಇಂಗ್ಲಿಷನ್ನು ಒಂದು ವಿಷಯವಾಗಿ ಚೆನ್ನಾಗಿ ಕಲಿಸಲಾಯಿತು. ಅದಕ್ಕಾಗಿ ಗಣಿತ, ವಿಜ್ಞಾನದ ಪಠ್ಯಗಳನ್ನು ಯೊರುಬಾದಲ್ಲೇ ಸಿದ್ಧಪಡಿಸಿದರು. ಆ ಮಕ್ಕಳು ಇಂಗ್ಲಿಷಿನಲ್ಲೂ ಹಿಂದೆ ಬೀಳಲಿಲ್ಲ.

ಕನ್ನಡಿಗರಿಗೆ ಇದು ಪರದೇಶದ ಸುದ್ದಿಯಾಗಿ ಉಳಿಯಲಾರದು. ಪ್ರಾಥಮಿಕ ಹಂತದಲ್ಲಿ ಮಾತೃಭಾಷಾ ಮಾಧ್ಯಮವನ್ನು ಕಡ್ಡಾಯಗೊಳಿಸಿದ 1994ರ ಕರ್ನಾಟಕದ ಆದೇಶವನ್ನು ಸುಪ್ರೀಂ ಕೋರ್ಟ್ 2014ರಲ್ಲಿ ಎತ್ತಿಹಿಡಿಯಲಿಲ್ಲ. ಮಾಧ್ಯಮದ ಆಯ್ಕೆ ಪೋಷಕರದೆಂದಿತು. ಕನ್ನಡ ಮಾಧ್ಯಮದಲ್ಲಿ ಓದಿ ಪಿಯುಸಿ ವಿಜ್ಞಾನಕ್ಕೆ ಸೇರಿದಾಗ ಪಾಠವೇ ಅರ್ಥವಾಗದೆ ತಿಂಗಳುಗಟ್ಟಲೆ ಬಾಯಿಮುಚ್ಚಿ ಕುಳಿತವರು ಇಲ್ಲಿನ ನಮ್ಮ ಕನ್ನಡ ಸಂಘದಲ್ಲೂ ಇದ್ದಾರೆ. ತಾಂಜಾನಿಯಾಕ್ಕೆ ಹೊರಟ ವಿದ್ಯಾರ್ಥಿಗಳು ಹೊರಡುವ ಮುನ್ನ ಅಂಥ ಹಿರಿಯರೊಡನೆ ಒಂದು ಸಂಜೆ ಕುಳಿತು ಮಾತನಾಡಲಿ. ಸ್ವಾಹಿಲಿಯನ್ನು ಇಲ್ಲಿಂದಲೇ ಕಲಿಯತೊಡಗಲಿ. ದಾರ್ ಎಸ್ ಸಲಾಮಿನ ವಿದ್ಯಾರ್ಥಿಯೂ ಇಷ್ಟೇ ಕಾಲ ಓಸ್ಲೋಗೆ ಬಂದು ಇಲ್ಲಿನ ಶಾಲೆಗಳನ್ನು ಅಧ್ಯಯನ ಮಾಡುವ ವ್ಯವಸ್ಥೆ ಇದೆಯೇ ಎಂದು ಮಾರ್ಗದರ್ಶಕರನ್ನು ಅರ್ಜಿ ಹಾಕುವಾಗಲೇ ಕೇಳಲಿ.