ನಾಲ್ಕು ವರ್ಷ ಸುಮ್ಮನಿದ್ದು ಒಂದೇ ದಿನ ಕೇಳಿದರೆ ಹೇಗೆ? ಮುಖ್ಯಮಂತ್ರಿಗಳಿಗೆ ಒಂದು ಬಹಿರಂಗ ಪತ್ರ

ಮಾನ್ಯ ಮುಖ್ಯಮಂತ್ರಿ ಶ್ರೀ ಸಿದ್ದರಾಮಯ್ಯನವರಿಗೆ ನಮಸ್ಕಾರಗಳು.

ಬೆಂಗಳೂರಿನಲ್ಲಿ ಸಣ್ಣ ಅಂಗಡಿಗಳ ಲೆಕ್ಕ ಬರೆದುಕೊಟ್ಟು ಬದುಕುವವನು ನಾನು. ಬೇಕರಿ, ಕಾಂಡಿಮೆಂಟ್ಸ್, ಹಾಲಿನ ಅಂಗಡಿಯವರೇ ನನಗೆ ಅನ್ನ ಕೊಡುವವರು. 2025ರ ಮಾರ್ಚ್‌ನಲ್ಲಿ ಹದಿನಾರನೆಯ ಬಜೆಟ್ ಮಂಡಿಸಿದ ನಿಮಗೆ ತೆರಿಗೆಯ ಪಾಠ ಹೇಳುವ ಯೋಗ್ಯತೆ ನನಗಿಲ್ಲ. ಅದೇ ತೆರಿಗೆ ಅಂಗಡಿಯ ಗಲ್ಲಾಪೆಟ್ಟಿಗೆಯ ಹಿಂದೆ ಕುಳಿತವರಿಗೆ ಹೇಗೆ ಕಾಣುತ್ತದೆ ಎಂಬುದನ್ನು ಮಾತ್ರ ನಿಮ್ಮ ಮುಂದಿಡುತ್ತೇನೆ.

ಆ ವರ್ಷದ ಜುಲೈ ತಿಂಗಳಲ್ಲಿ ನಡೆದದ್ದು ನಿಮಗೆ ನೆನಪಿದೆ. 2021-22ರಿಂದ ನಾಲ್ಕು ವರ್ಷಗಳ ಯುಪಿಐ ಜಮೆ ನೋಡಿ, ವರ್ಷದ ವಹಿವಾಟು ಜಿಎಸ್‌ಟಿ ನೋಂದಣಿಯ ಮಿತಿ ದಾಟಿದ ಅನೇಕ ಸಣ್ಣ ವ್ಯಾಪಾರಿಗಳಿಗೆ ವಾಣಿಜ್ಯ ತೆರಿಗೆ ಇಲಾಖೆಯಿಂದ ನೋಟಿಸ್ ಹೋಯಿತು. ಹಾವೇರಿಯ ತರಕಾರಿ ವ್ಯಾಪಾರಿಯೊಬ್ಬರಿಗೆ ಬಂದದ್ದು 29 ಲಕ್ಷ ರೂಪಾಯಿಯ ನೋಟಿಸ್. ತಾಜಾ ತರಕಾರಿಗೆ ಜಿಎಸ್‌ಟಿಯೇ ಇಲ್ಲ. ನೋಟಿಸ್ ಎಂದರೆ ವಿವರಣೆ ಕೇಳಿದ್ದಷ್ಟೇ, ತೆರಿಗೆ ಆದೇಶವಲ್ಲ ಎಂದು ಆಮೇಲೆ ಸಮಜಾಯಿಷಿ ಬಂತು. ಕಾನೂನಿನ ಪ್ರಕಾರ ಅದು ಸರಿ. ಆದರೆ ಬೆಳಗಿನ ನಾಲ್ಕಕ್ಕೆ ಮಾರುಕಟ್ಟೆಗೆ ಹೋಗುವ ಮನುಷ್ಯನ ಕೈಗೆ ಲಕ್ಷಗಳ ಅಂಕಿ ಬರೆದ ಕಾಗದ ಕೊಟ್ಟರೆ ಆತ ಕಾನೂನಿನ ಸೂಕ್ಷ್ಮ ನೋಡುವುದಿಲ್ಲ, ಅಂಕಿ ನೋಡುತ್ತಾನೆ.

ಅಂಥ ಒಂದು ರಾತ್ರಿಯ ವಿಷಯ ಹೇಳುತ್ತೇನೆ. ಶಟರ್ ಅರ್ಧ ಎಳೆದ ಕಾಂಡಿಮೆಂಟ್ಸ್ ಅಂಗಡಿ. ಹಾಲಿನ ಕ್ರೇಟ್ ಬೋರಲು ಹಾಕಿ ಅದರ ಮೇಲೆ ಕುಳಿತು, ಬ್ಯಾಂಕಿನಿಂದ ತಂದ ಹಾಳೆಗಳನ್ನು ಬಿಸ್ಕತ್ತಿನ ಡಬ್ಬದ ಮೇಲೆ ಹರಡಿಕೊಂಡಿದ್ದೆವು. ನಾನು ಒಂದೊಂದೇ ಜಮೆ ಓದುತ್ತಿದ್ದೆ, ಯಜಮಾನರ ಹೆಂಡತಿ ನೆನಪಿನಿಂದಲೇ ಉತ್ತರ ಹೇಳುತ್ತಿದ್ದರು. ಈ ನಲವತ್ತು ಸಾವಿರ ಚೀಟಿ ಎತ್ತಿದ್ದು. ಈ ಹದಿನೈದು ಸಾವಿರ ಅತ್ತೆಯ ಆಪರೇಷನ್‌ಗೆ ನನ್ನ ತಮ್ಮ ಕಳಿಸಿದ್ದು. ಈ ಎರಡು ಸಾವಿರ ಎದುರು ಮನೆಯವರು ಫೋನಿಗೆ ಹಾಕಿ ನಮ್ಮಿಂದ ನೋಟು ತೆಗೆದುಕೊಂಡಿದ್ದು. ವ್ಯಾಪಾರದ್ದಕ್ಕೆ ಹಸಿರು ಶಾಯಿ, ಉಳಿದದ್ದಕ್ಕೆ ಕೆಂಪು. ಹನ್ನೆರಡು ಗಂಟೆ ದಾಟಿದರೂ ನಾವು ಮುಗಿಸಿದ್ದು ಒಂದು ವರ್ಷದ ಐದು ತಿಂಗಳು. ಕೆಂಪು ಗೆರೆಗಳಿಗೆ ಸಾಕ್ಷಿ ಏನು ಕೊಡುವುದು ಎಂದು ಆಕೆ ಕೇಳಿದರು. ಚೀಟಿ ನಡೆಸುತ್ತಿದ್ದವರು ಊರು ಬಿಟ್ಟು ಎರಡು ವರ್ಷವಾಗಿತ್ತು.

ಇದಕ್ಕಿಂತ ದೊಡ್ಡ ಅನ್ಯಾಯ ಹಸಿರು ಗೆರೆಗಳಲ್ಲಿದೆ. ಸರಕು ಮಾರುವವರಿಗೆ ವರ್ಷಕ್ಕೆ 40 ಲಕ್ಷ ರೂಪಾಯಿ ವಹಿವಾಟು ದಾಟಿದರೆ ನೋಂದಣಿ ಕಡ್ಡಾಯ. ಕೇಳಲು ದೊಡ್ಡ ಮೊತ್ತ, ಆದರೆ ದಿನಕ್ಕೆ ಭಾಗಿಸಿದರೆ ಸುಮಾರು 11,000 ರೂಪಾಯಿ. ಬೆಳಗಿನ ಹಾಲು, ಮಧ್ಯಾಹ್ನದ ಸಿಗರೇಟು, ಸಂಜೆಯ ಖಾರ ಮಾರುವ ಮೂಲೆಯಂಗಡಿಗೆ ಇದು ನಿತ್ಯದ ವ್ಯಾಪಾರ. ಹಾಲಿಗೆ ತೆರಿಗೆ ಇಲ್ಲ, ಆದರೂ ಮಿತಿ ಎಣಿಸುವಾಗ ಅದರ ಹಣವೂ ಸೇರುತ್ತದೆ. ಬರೀ ಹಾಲು ಮಾರಿದರೆ ನೋಂದಣಿ ಬೇಡ. 30 ಲಕ್ಷದ ಹಾಲಿನ ಜೊತೆ 11 ಲಕ್ಷದ ಬಿಸ್ಕತ್ತು, ಸೋಪು ಮಾರಿದರೆ ಬೇಕು. ಈ ಮಿತಿ 2019ರ ಏಪ್ರಿಲ್‌ನಲ್ಲಿ ನಿಂತಲ್ಲೇ ನಿಂತಿದೆ. ಸರಕಿನ ಬೆಲೆ ನಿಂತಿಲ್ಲ.

ಮಿತಿ ದಾಟಿದ ವರ್ಷವೇ ಯಾರಾದರೂ ಬಂದು ಹೇಳಿದ್ದರೆ, ಸಣ್ಣ ವ್ಯಾಪಾರಿಗಳಿಗಾಗಿ ಇರುವ ರಾಜಿ ತೆರಿಗೆ (ಕಾಂಪೊಸಿಷನ್) ಪದ್ಧತಿಯಲ್ಲಿ ಅಂಗಡಿಯವನು ಕಟ್ಟಬೇಕಾಗಿದ್ದದ್ದು ತೆರಿಗೆ ಬೀಳುವ ಮಾರಾಟದ ಶೇ 1 ಮಾತ್ರ. ಒಂದೂವರೆ ಕೋಟಿ ವಹಿವಾಟಿನವರೆಗೂ ಆ ಸೌಲಭ್ಯವಿದೆ. ಅಂದರೆ ಅಂಥ ಮಾರಾಟ ವರ್ಷಕ್ಕೆ 50 ಲಕ್ಷವಿದ್ದರೆ 50,000 ರೂಪಾಯಿ, ನಾಲ್ಕು ವರ್ಷಕ್ಕೆ ಎರಡು ಲಕ್ಷ. ಹೊಟ್ಟೆ ಕಟ್ಟಿಯಾದರೂ ಕಟ್ಟಬಹುದಾದ ಮೊತ್ತ. ಆದರೆ ನೋಂದಣಿ ಇಲ್ಲದ ಹಳೆಯ ವರ್ಷಗಳಿಗೆ ಈ ಪದ್ಧತಿ ಅನ್ವಯಿಸುವುದಿಲ್ಲ. ಅದೇ ಮಾರಾಟಕ್ಕೆ ಶೇ 18ರ ಲೆಕ್ಕ ಹಾಕಿದರೆ 36 ಲಕ್ಷ, ಅದರ ಮೇಲೆ ಶೇ 18 ಬಡ್ಡಿ ಮತ್ತು ದಂಡ. ಎರಡು ಲಕ್ಷ 36 ಲಕ್ಷವಾಗಿದ್ದು ಅವನು ಹೆಚ್ಚು ಮಾರಿದ್ದಕ್ಕಲ್ಲ, ಯಾರೂ ಹೇಳದೆ ನಾಲ್ಕು ವರ್ಷ ಕಳೆದದ್ದಕ್ಕೆ.

ಇಷ್ಟಾಗಿಯೂ ಸರ್ಕಾರಕ್ಕೆ ನಿಜವಾಗಿ ಆದ ನಷ್ಟವೆಷ್ಟು ಎಂಬುದನ್ನು ದಯವಿಟ್ಟು ಒಮ್ಮೆ ನೋಡಿ. ಶೇ 18 ತೆರಿಗೆ ಇದ್ದ ಕಾಲದ ಹತ್ತು ರೂಪಾಯಿಯ ಬಿಸ್ಕತ್ತನ್ನು ಅಂಗಡಿಯವನು ಒಂಬತ್ತಕ್ಕೆ ಕೊಂಡಿದ್ದ ಎಂದಿಟ್ಟುಕೊಳ್ಳೋಣ. ಆ ಒಂಬತ್ತರಲ್ಲಿ 1 ರೂಪಾಯಿ 37 ಪೈಸೆ ತೆರಿಗೆ ಆಗಲೇ ವಿತರಕರ ಮೂಲಕ ಖಜಾನೆ ಸೇರಿತ್ತು. ಮಾರಿದ ಹತ್ತರಲ್ಲಿ ಅಡಗಿದ್ದ ತೆರಿಗೆ ಸುಮಾರು 1 ರೂಪಾಯಿ 52 ಪೈಸೆ, ಹಾಗಾಗಿ ಅಂಗಡಿಯವನಿಂದ ಬರದೆ ಉಳಿದದ್ದು 15 ಪೈಸೆ. ಹತ್ತು ರೂಪಾಯಿಗೆ ಶೇ 18 ಎಂದು ಈಗ ಕೇಳಿದರೆ 1 ರೂಪಾಯಿ 80 ಪೈಸೆ ಆಗುತ್ತದೆ. ಆ ಪೊಟ್ಟಣದಿಂದ ಅವನಿಗೆ ಉಳಿದದ್ದೇ ಒಂದು ರೂಪಾಯಿ, ಅದರಲ್ಲೇ ಬಾಡಿಗೆ, ಕರೆಂಟು, ಹುಡುಗನ ಸಂಬಳ. 2025ರ ಸೆಪ್ಟೆಂಬರ್ 22ರಿಂದ ಬಿಸ್ಕತ್ತು, ಖಾರದ ತಿಂಡಿಗಳೆಲ್ಲ ಶೇ 5ಕ್ಕೆ ಇಳಿದವು, ಸಂತೋಷ. ಹಳೆಯ ವರ್ಷಗಳ ಲೆಕ್ಕಕ್ಕೆ ಮಾತ್ರ ಹಳೆಯ ದರವೇ.

ಜುಲೈ 23ರಂದು ನೀವು ವ್ಯಾಪಾರಿಗಳನ್ನು ಕರೆದು ಮಾತನಾಡಿದಿರಿ. ತೆರಿಗೆ ಇಲ್ಲದ ಸರಕಿನವರಿಗೆ ತೊಂದರೆ ಕೊಡುವುದಿಲ್ಲ, ನೋಂದಣಿ ಮಾಡಿಸಿಕೊಂಡರೆ ಹಳೆಯ ಬಾಕಿ ವಸೂಲು ಮಾಡುವುದಿಲ್ಲ ಎಂದಿರಿ. ವ್ಯಾಪಾರಿಗಳು ತಾವು ಕರೆದಿದ್ದ ಬಂದ್ ಕೈಬಿಟ್ಟರು. ಆ ಮಾತಿಗೆ ನಾನು ಮನಸಾರೆ ಕೃತಜ್ಞ. ಆದರೆ ಮಾತು ಕೊಟ್ಟಷ್ಟಕ್ಕೇ ಕೆಲಸ ಮುಗಿಯುವುದಿಲ್ಲ, ಏಕೆಂದರೆ ಜಿಎಸ್‌ಟಿ ಕಾಯ್ದೆ ನಿಮ್ಮೊಬ್ಬರ ಕೈಯಲ್ಲಿಲ್ಲ. ವಾಡಿಕೆಯಿಂದಾಗಿ ವಿಧಿಸದೆ ಉಳಿದ ತೆರಿಗೆಯನ್ನು, ಕೇಂದ್ರ ಮತ್ತು ರಾಜ್ಯಗಳು ಸೇರಿ ಕೂರುವ ಜಿಎಸ್‌ಟಿ ಮಂಡಳಿಯ ಶಿಫಾರಸಿನ ಮೇಲೆ ಬಿಟ್ಟುಬಿಡಲು ಅದೇ ಕಾಯ್ದೆಗೆ 11ಎ ಎಂಬ ಕಲಂ ಸೇರಿದೆ, 2024ರ ನವೆಂಬರ್‌ನಿಂದ ಜಾರಿಯಲ್ಲಿದೆ. ಈ ಅಂಗಡಿಗಳಿಗೂ ಅದನ್ನು ಅನ್ವಯಿಸಬೇಕೆಂದು ಮಂಡಳಿಯಲ್ಲಿ ನಮ್ಮ ರಾಜ್ಯದ ಪರ ಕೂರುವ ಕೃಷ್ಣ ಬೈರೇಗೌಡರು ಪಟ್ಟು ಹಿಡಿದು ವಾದಿಸಲಿ. ತೆರಿಗೆ ಇಲ್ಲದ ಹಾಲನ್ನು 40 ಲಕ್ಷದ ಎಣಿಕೆಯಿಂದ ಹೊರಗಿಡಿ ಎಂದೂ ಕೇಳಲಿ.

ಮಂಡಳಿಯನ್ನು ಕಾಯದೆ ರಾಜ್ಯವೇ ಮಾಡಬಹುದಾದದ್ದೂ ಇದೆ. ನಾಲ್ಕು ವರ್ಷದ ಯುಪಿಐ ಲೆಕ್ಕ ತರಿಸಿಕೊಳ್ಳಲು ಬರುವ ಸರ್ಕಾರಕ್ಕೆ, ವಹಿವಾಟು 30 ಲಕ್ಷ ಮುಟ್ಟಿದಾಗಲೇ ಆ ಅಂಗಡಿಗೆ ಕನ್ನಡದಲ್ಲಿ ಒಂದು ಪತ್ರ ಕಳಿಸಲೂ ಬರಬೇಕು. 'ನೀವು ಮಿತಿಯ ಹತ್ತಿರ ಬಂದಿದ್ದೀರಿ, ದಾಟಿದರೆ ಶೇ 1 ಕಟ್ಟುವ ದಾರಿ ಇದೆ, ಇಂಥ ಕಡೆ ಬನ್ನಿ' ಎಂಬ ಮೂರು ಸಾಲು ಸಾಕು. ನೋಂದಣಿಗೆ ಬಾಡಿಗೆ ಕರಾರು ಬೇಕು. ತಮ್ಮ ಬಾಡಿಗೆಯೂ ಲೆಕ್ಕಕ್ಕೆ ಬರುತ್ತದೆಂದು ಹೆದರಿ ಎಷ್ಟೋ ಮಾಲೀಕರು ಸಹಿ ಹಾಕುವುದಿಲ್ಲ. ನೋಂದಾಯಿಸಿಕೊಳ್ಳಲು ಮುಂದೆ ಬಂದ ಮೂವರು ಈ ಒಂದೇ ಕಾರಣಕ್ಕೆ ನನ್ನ ಮೇಜಿನಿಂದ ವಾಪಸು ಹೋಗಿದ್ದಾರೆ. ಅದಕ್ಕೊಂದು ದಾರಿ ತೋರಿಸಿ.

ತೆರಿಗೆ ಕಟ್ಟಬಾರದೆಂದು ನಾನು ಯಾರಿಗೂ ಹೇಳಿಲ್ಲ, ಹೇಳುವುದೂ ಇಲ್ಲ. ರಸ್ತೆ, ಶಾಲೆ, ಆಸ್ಪತ್ರೆ ಎಲ್ಲ ಆ ಹಣದಿಂದಲೇ ಆಗಬೇಕು. ನನ್ನನ್ನು ಕಾಡುವುದು ಬೇರೆ. ಬೀದಿ ವ್ಯಾಪಾರಿಗಳಿಗೆ ಸಾಲ ಕೊಡುವ ಪಿಎಂ ಸ್ವನಿಧಿ ಯೋಜನೆಯಲ್ಲಿ, ಫೋನಿನಲ್ಲಿ ಹಣ ಪಡೆದವರಿಗೆ ಪ್ರೋತ್ಸಾಹಧನ ಕೊಟ್ಟದ್ದು ಸರ್ಕಾರವೇ. ಅದನ್ನು ನಂಬಿ ಎಲ್ಲವನ್ನೂ ಫೋನಿನಲ್ಲೇ ಪಡೆದವನ ಲೆಕ್ಕ ಕಣ್ಣಿಗೆ ಬಿತ್ತು, ನೋಟಿಸ್ ಬಂತು. ಪಕ್ಕದಲ್ಲೇ ಬರೀ ನೋಟು ಎಣಿಸಿದವನ ಬಾಗಿಲು ಯಾರೂ ತಟ್ಟಲಿಲ್ಲ.

ಆ ಕಾಂಡಿಮೆಂಟ್ಸ್ ಅಂಗಡಿಯ ಕಂಬದ ಮೇಲೆ ಕ್ಯೂಆರ್ ಹಾಳೆ ಇದ್ದಲ್ಲಿ ಈಗ ಬಣ್ಣ ಮಾಸದ ಒಂದು ಚೌಕ ಉಳಿದಿದೆ. 'ನಗದು ಮಾತ್ರ' ಎಂದು ಪಕ್ಕದಲ್ಲಿ ರಟ್ಟಿನ ಮೇಲೆ ಬರೆದಿದ್ದಾರೆ. ಹಾಳೆಯನ್ನು ಅವರು ಹರಿದು ಹಾಕಿಲ್ಲ, ಮಡಿಸಿ ಗಲ್ಲಾಪೆಟ್ಟಿಗೆಯಲ್ಲಿಟ್ಟಿದ್ದಾರೆ. ಹೋದಾಗಲೆಲ್ಲ ಆ ತಾಯಿ ನನ್ನನ್ನು ಕೇಳುತ್ತಾರೆ, 'ಮತ್ತೆ ಅಂಟಿಸಬಹುದಾ ಸಾರ್?' ಎಂದು. ಅವರಿಗೆ ಏನು ಹೇಳಲಿ ಎಂಬುದನ್ನು ನೀವು ಬರೆದು ತಿಳಿಸಬೇಕೆಂದು ಕೋರುತ್ತೇನೆ.

ಇಂತಿ ಗೌರವಪೂರ್ವಕವಾಗಿ,
ಬೆಂಗಳೂರಿನ ಒಬ್ಬ ಲೆಕ್ಕ ಬರೆಯುವವನು